ಜಾರುವ ಕ್ಲಚ್, ಜಾರಿಕೊಳ್ಳುವ ಮನಸ್ಸು

ದಿನದ ಧಮ್ಮ ಚಿಂತನೆ

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಒಂದು ಮೊಪೆಡ್ ಇದೆ. ಪೆಡಲ್ ತುಳಿದು ಸ್ಟಾರ್ಟ್ ಮಾಡುವ ಗಾಡಿ, ಸೈಕಲ್ಲಿಗೆ ಎಂಜಿನ್ ಕೂರಿಸಿದಂಥದ್ದು. 1972ರಲ್ಲಿ ಲೂನಾ ಬಂದ ಮೇಲೆ ಇಂಥ ಗಾಡಿಗಳು ನಿಧಾನವಾಗಿ ನಮ್ಮಂಥವರ ಮನೆಗೂ ಬಂದವು. ಅಪ್ಪ ಅದರಲ್ಲೇ ಸಂತೆಗೆ ಸೊಪ್ಪು ಒಯ್ದರು, ಅದರಲ್ಲೇ ನನ್ನನ್ನು ಶಾಲೆಗೆ ಬಿಟ್ಟರು. ಹಾಗಾಗಿ ಮಾರಲು ಮನಸ್ಸು ಬಂದಿಲ್ಲ.

ಹೋದ ತಿಂಗಳು ಕೆರೆ ಏರಿ ಹತ್ತುವಾಗ ಗಾಡಿ ಮುಂದಕ್ಕೆ ಹೋಗಲಿಲ್ಲ. ಎಂಜಿನ್ ಆಫ್ ಆಗಿರಲಿಲ್ಲ. ಎಕ್ಸಲರೇಟರ್ ತಿರುಗಿಸಿದಷ್ಟೂ ಜೋರಾಗಿ ಕೂಗುತ್ತಿತ್ತು, ಚಕ್ರ ಮಾತ್ರ ಎಳೆಯುತ್ತಿರಲಿಲ್ಲ. ಹಿಂದೆ ಬರುತ್ತಿದ್ದ ಹುಡುಗನೊಬ್ಬ "ಇನ್ನೂ ರೈಸ್ ಮಾಡಿ ಅಣ್ಣ" ಎಂದ. ಮಾಡಿದೆ. ಸುಟ್ಟ ವಾಸನೆ ಬಂತು, ಅಷ್ಟೇ. ಕೊನೆಗೆ ತಳ್ಳಿಕೊಂಡೇ ಮೆಕ್ಯಾನಿಕ್ ಹತ್ತಿರ ಹೋದೆ.

"ಕ್ಲಚ್ ಜಾರ್ತಾ ಇದೆ" ಎಂದು ಅವರು ಬಿಚ್ಚಿ ತೋರಿಸಿದರು. ಈ ಗಾಡಿಯಲ್ಲಿ ಕ್ಲಚ್‌ಗೆ ಕೈಹಿಡಿ ಇಲ್ಲ. ಒಳಗೆ ಎರಡು ಶೂಗಳಿವೆ. ಎಂಜಿನ್ ನಿಧಾನವಾಗಿರುವಾಗ ಸ್ಪ್ರಿಂಗ್‌ಗಳು ಅವನ್ನು ಒಳಕ್ಕೆ ಎಳೆದಿಟ್ಟಿರುತ್ತವೆ. ವೇಗ ಹೆಚ್ಚಿದಾಗ ಶೂಗಳು ಹೊರಕ್ಕೆ ಚಿಮ್ಮಿ ಡ್ರಮ್ಮಿನ ಗೋಡೆಗೆ ಒತ್ತುತ್ತವೆ. ಆ ಉಜ್ಜಾಟದ ಹಿಡಿತದಿಂದಲೇ ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವುದು. ನಾನು ಶೂ ಮುಟ್ಟಿ ನೋಡಿದೆ. ಗಾಜಿನಂತೆ ನುಣುಪಾಗಿ ಹೊಳೆಯುತ್ತಿತ್ತು. "ಚೆನ್ನಾಗೇ ಇದೆಯಲ್ಲ" ಎಂದೆ. ಅವರು ನಕ್ಕರು. "ನುಣುಪಾಗಿರೋದೇ ಕಾಯಿಲೆ ಸಾರ್. ಇದು ಹಿಡೀಬೇಕು."

"ಹಾಗಾದರೆ ಹೊಸ ಶೂ ಹಾಕಿ" ಎಂದೆ. ಅವರು ಟಾರ್ಚ್ ಬಿಟ್ಟು ಒಳಗಿನ ಒದ್ದೆ ತೋರಿಸಿದರು. ಎಂಜಿನ್ ಶಾಫ್ಟಿನ ಆಯಿಲ್ ಸೀಲ್ ಗಟ್ಟಿಯಾಗಿ ಸೀಳಿತ್ತು. ಪೆಟ್ರೋಲಿನ ಜೊತೆ ಬೆರೆಸುವ ಎಣ್ಣೆ ಅಲ್ಲಿಂದ ಜಿನುಗಿ ಶೂಗಳನ್ನು ನೆನೆಸಿತ್ತು. "ಸೀಲ್ ಬದಲಾಯಿಸದೆ ಶೂ ಹಾಕಿದರೆ ಮುಂದಿನ ತಿಂಗಳು ಮತ್ತೆ ಇಲ್ಲೇ ಬರ್ತೀರಿ" ಎಂದರು. ಸೀಲ್ ಬದಲಾಯಿಸಿ, ಡ್ರಮ್ ಒರೆಸಿ, ಒಳಗೋಡೆಗೆ ಮರಳು ಕಾಗದ ಹಗುರವಾಗಿ ಉಜ್ಜಿ, ಆಮೇಲೆ ಹೊಸ ಶೂ ಕೂರಿಸಿದರು.

ಇದನ್ನು ಬರೆಯಲು ಕಾರಣ ಅದೇ ವಾರ ಬಂದ ಒಂದು ಫೋನ್.

ಅಣ್ಣನ ಮಗಳು ತನಗೆ ಇಷ್ಟವಾದ ಹುಡುಗನ ವಿಷಯ ಮನೆಯಲ್ಲಿ ಹೇಳಿದ್ದಳು. ಹುಡುಗನೂ ದೀಕ್ಷೆ ಪಡೆದವನೇ, ಬಾಬಾಸಾಹೇಬರನ್ನು ಓದಿದವನೇ. ಆದರೆ "ಆ ಕಡೆಯವರು". ಎಡ, ಬಲ ಎಂಬ ಈ ಲೆಕ್ಕ ನಿಮಗೂ ಗೊತ್ತು. ಅಣ್ಣ ಕೇಳಿದ, "ನೀನು ವಿಹಾರದಲ್ಲಿ ಮಾತಾಡುವವನು, ಏನು ಮಾಡೋಣ?" ನಾನು ಹೇಳಿದ್ದು: "ಅಮ್ಮನಿಗೆ ವಯಸ್ಸಾಗಿದೆ, ನೊಂದುಕೊಳ್ಳುತ್ತಾರೆ. ಸದ್ಯಕ್ಕೆ ಬೇಡ. ಮನೆಯ ನೆಮ್ಮದಿ ಮುಖ್ಯ. ಬುದ್ಧರು ಹೇಳಿದ್ದೂ ಶಾಂತಿಯನ್ನೇ." ಫೋನ್ ಸ್ಪೀಕರಿನಲ್ಲಿತ್ತು. ಹುಡುಗಿ "ಸರಿ ಚಿಕ್ಕಪ್ಪ" ಎಂದಳು.

ಅದರ ಹಿಂದಿನ ಭಾನುವಾರ 22 ಪ್ರತಿಜ್ಞೆಗಳನ್ನು ಎಲ್ಲರಿಗೂ ಹೇಳಿಕೊಟ್ಟವನು ನಾನೇ. ಎಲ್ಲ ಮನುಷ್ಯರೂ ಸಮಾನರೆಂಬ 9ನೆಯದನ್ನೂ, ಸಮಾನತೆಯನ್ನು ಸ್ಥಾಪಿಸಲು ದುಡಿಯುತ್ತೇನೆಂಬ 10ನೆಯದನ್ನೂ ಗಟ್ಟಿ ದನಿಯಲ್ಲಿ ಹೇಳಿದ್ದೆ. ಎಂಜಿನ್ ಜೋರಾಗಿಯೇ ಕೂಗುತ್ತಿತ್ತು. ಏರಿ ಬಂದಾಗ ಗಾಡಿ ಹತ್ತಲಿಲ್ಲ.

ಹಾಗಾದರೆ ಪ್ರಶ್ನೆ ಇದು: ಮನೆಯ ನೆಮ್ಮದಿಗಾಗಿ ಸತ್ಯದಿಂದ ಜಾರಿಕೊಳ್ಳುವುದು ಮೈತ್ರಿಯೇ?

ನನ್ನ ಪರವಾಗಿಯೂ ಹೇಳಬಹುದು. ಕಟುಮಾತು ಸಮ್ಮಾ ವಾಚಾ ಅಲ್ಲ. ಜೀವನಪೂರ್ತಿ ಜಾತಿಯ ನೋವು ಉಂಡ ಮುದುಕಿಗೆ ಇನ್ನೊಂದು ನೋವು ಯಾಕೆ? ಇದು ಸುಳ್ಳಲ್ಲ. ಆದರೆ ಮಜ್ಝಿಮ ನಿಕಾಯದಲ್ಲಿ ಅಭಯ ರಾಜಕುಮಾರ ಇದೇ ಪ್ರಶ್ನೆ ತಂದಿದ್ದ: ತಥಾಗತರು ಇತರರಿಗೆ ಅಪ್ರಿಯವಾದ ಮಾತನ್ನು ಆಡುತ್ತಾರೆಯೇ? ಅವನ ತೊಡೆಯ ಮೇಲೆ ಕೂಸು ಇತ್ತು. ಕೂಸು ಕಲ್ಲನ್ನೋ ಕಡ್ಡಿಯನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀ ಎಂದು ಬುದ್ಧರು ಕೇಳಿದರು. ರಕ್ತ ಬಂದರೂ ಬೆರಳು ಹಾಕಿ ತೆಗೆಯುತ್ತೇನೆ, ಕೂಸಿನ ಮೇಲಿನ ಕರುಣೆಯಿಂದ ಎಂದ ಅವನು. ಸತ್ಯವೂ ಹಿತವೂ ಆದ ಮಾತು ಅಪ್ರಿಯವಾದರೂ ಸಮಯ ನೋಡಿ ಆಡಬೇಕೆಂಬುದೇ ಅಲ್ಲಿನ ಉತ್ತರ. ಕರುಣೆ ಎಂದರೆ ನುಣುಪಲ್ಲ.

ಬಾಬಾಸಾಹೇಬರ ಬದುಕಿನಲ್ಲೂ ಇದೇ ಇದೆ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಆಮೇಲೆ ಕೆಲವು ಭಾಗ ತೆಗೆಯಿರಿ ಎಂದಿತು. ಒಂದು ಅಲ್ಪವಿರಾಮವನ್ನೂ ಬದಲಿಸಲು ಅವರು ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಆ ಭಾಷಣವನ್ನು ಅವರೇ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ಮದುವೆ ಎಂದು ಅವರು ಬರೆದದ್ದು ಅದರಲ್ಲೇ. ಅದನ್ನು ನಾವು ಬೇರೆಯವರಿಗೆ ಓದಿ ಹೇಳುತ್ತೇವೆ.

ಇನ್ನು ಆಯಿಲ್ ಸೀಲ್. ಎಣ್ಣೆ ಎಲ್ಲಿಂದ ಜಿನುಗುತ್ತಿತ್ತು? ಅಮ್ಮನಿಂದ ಎಂದು ನಾನು ಅಣ್ಣನಿಗೆ ಹೇಳಿದ್ದೆ. ಆದರೆ ಅಮ್ಮನನ್ನು ನಾನು ಕೇಳಿಯೇ ಇರಲಿಲ್ಲ. ಸೋರುತ್ತಿದ್ದದ್ದು ನನ್ನೊಳಗೆ. ಬಾಬಾಸಾಹೇಬರು ಹೇಳಿದ ಶ್ರೇಣೀಕೃತ ಅಸಮಾನತೆ ಹೀಗೆಯೇ ಕೆಲಸ ಮಾಡುತ್ತದೆ: ಮೇಲಿನವರ ಮೇಲೆ ಸಿಟ್ಟಿದ್ದರೂ, ಪಕ್ಕದವರಿಗಿಂತ ಒಂದು ಮೆಟ್ಟಿಲು ಮೇಲಿದ್ದೇನೆಂಬ ಸಣ್ಣ ಸಮಾಧಾನವನ್ನು ಬಿಡಲು ಮನಸ್ಸಾಗುವುದಿಲ್ಲ. ದೀಕ್ಷೆ ಹೊಸ ಶೂ ಇದ್ದಂತೆ. ಈ ಸೀಲ್ ಹಾಗೇ ಇದ್ದರೆ ಅದೂ ನೆನೆದು ಜಾರುತ್ತದೆ.

ಹಾಗೆಂದು ದಿನವೂ ಮನೆಯಲ್ಲಿ ಜಗಳ ಮಾಡಿ ಎನ್ನುತ್ತಿಲ್ಲ. ಒಳ್ಳೆಯ ಕ್ಲಚ್ ಯಾವಾಗಲೂ ಹಿಡಿದುಕೊಂಡೇ ಇರುವುದಿಲ್ಲ. ಗಾಡಿ ನಿಂತಿರುವಾಗ ಬಿಡುತ್ತದೆ, ಹೊರಡಬೇಕಾದಾಗ ಹಿಡಿಯುತ್ತದೆ. ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂಬ ವಿವೇಕವೇ ಪ್ರಜ್ಞೆ. ಒಂದು ಹೆಣ್ಣುಮಗಳ ಬಾಳಿನ ವಿಷಯ ಬಿಡುವ ಜಾಗವಲ್ಲ.

ಮೊದಲು ಹುಡುಗಿಗೆ ಫೋನ್ ಮಾಡಿ, ನಾನು ಹೇಳಿದ್ದು ತಪ್ಪು ಎಂದೆ. ಆಮೇಲೆ ಅಮ್ಮನ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ "ಅವಳಿಗೆ ಫೋನ್ ಹಚ್ಚಿಕೊಡು" ಎಂದರು. ಒಳಗೆ ಹೋಗಿ ಏನು ಮಾತಾಡಿದರೋ ನಾನು ಕೇಳಲಿಲ್ಲ. ಮದುವೆ ಇನ್ನೂ ನಿಶ್ಚಯವಾಗಿಲ್ಲ. ಮಾತು ಮಾತ್ರ ಶುರುವಾಗಿದೆ.

ಇಂದಿನ ಅಭ್ಯಾಸ: ಪಂಚಶೀಲ ಹೇಳಿದ ಮೇಲೆ ಐದು ನಿಮಿಷ ಸುಮ್ಮನೆ ಕೂತು ಕೇಳಿಕೊಳ್ಳೋಣ. "ಶಾಂತಿಗಾಗಿ" ಎಂದು ಹೇಳಿ ನಾನು ಜಾರಿಕೊಂಡ ಮಾತು ಯಾವುದು? ಅದರಿಂದ ಏರಿಯ ಕೆಳಗೇ ಉಳಿದುಹೋದವರು ಯಾರು?

ಭವತು ಸಬ್ಬ ಮಂಗಲಂ.
ಸಾಧು ಸಾಧು ಸಾಧು 🙏