ಭಾರ ಹೊರದ ದಾರ

ಹಾಸ್ಟೆಲ್ ಕೋಣೆಯ ನನ್ನ ಮೇಜಿನ ಒಂದು ಬದಿಗೆ ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯ, ಇನ್ನೊಂದು ಬದಿಗೆ ಅಂಗೈಯಗಲದ ಪ್ಲಾಸ್ಟಿಕ್ ವಿಮಾನ. ಎರಡೂ ಹೆಚ್ಚುಕಡಿಮೆ ಮುಗಿದಿದ್ದವು. ವಿಮಾನಕ್ಕೆ ತಂತಿ ಕಟ್ಟುವುದೊಂದು ಬಾಕಿ. ಯಾವುದರಿಂದ ಕಟ್ಟಬೇಕು ಎಂಬ ಪ್ರಶ್ನೆ ನನ್ನ ಒಂದು ತಿಂಗಳನ್ನು ತಿಂದುಹಾಕಿತು.

ಅದು ಎಸ್.ಇ.5ಎ, ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ. ಕಲ್ಕತ್ತೆಯಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ 1918ರ ಜುಲೈನಲ್ಲಿ ಸುಮಾರು ಎರಡು ವಾರದ ಅವಧಿಯಲ್ಲಿ ಹತ್ತು ವಿಜಯಗಳನ್ನು ಗಳಿಸಿದ್ದು ಈ ಬಗೆಯ ವಿಮಾನದಲ್ಲಿ. ಅದೇ ತಿಂಗಳ 22ರಂದು ಫ್ರಾನ್ಸಿನ ಆಕಾಶದಲ್ಲಿ ಸತ್ತಾಗ ಅವನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಎಂಟು ಮೀಟರಿಗೂ ಮಿಕ್ಕ ಅದರ ರೆಕ್ಕೆ 1/72ರ ಅಳತೆಯಲ್ಲಿ ಹನ್ನೊಂದು ಸೆಂಟಿಮೀಟರ್ ಚಿಲ್ಲರೆಗೆ ಇಳಿಯುತ್ತದೆ.

ಜೋಡಿರೆಕ್ಕೆಯ ವಿಮಾನದಲ್ಲಿ ತಂತಿ ಅಲಂಕಾರಕ್ಕೆ ಇರುವುದಲ್ಲ. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಆ ತೆಳು ರೆಕ್ಕೆಗಳು ತಮ್ಮ ಬಲದಿಂದಲೇ ನಿಲ್ಲಲಾರವು. ಸೇತುವೆಗಳನ್ನು ಬಲ್ಲ ಎಂಜಿನಿಯರ್ ಆಕ್ಟೇವ್ ಶನ್ಯೂಟ್ 1896ರಲ್ಲಿ ತನ್ನ ಗ್ಲೈಡರಿನ ರೆಕ್ಕೆಗಳನ್ನು ಸೇತುವೆಯ ಲೆಕ್ಕದಲ್ಲೇ ಕಂಬ ಮತ್ತು ತಂತಿಗಳಿಂದ ಬಿಗಿದ. ರೈಟ್ ಸೋದರರು ಅದನ್ನೇ ಮುಂದುವರಿಸಿದರು. ಮೇಲೇರುವಾಗ ರೆಕ್ಕೆ ಮೇಲಕ್ಕೆ ಮಡಚಿಕೊಳ್ಳದಂತೆ ಎಳೆದು ಹಿಡಿಯುವವು ಹಾರುತಂತಿಗಳು. ನೆಲದಲ್ಲಿ ನಿಂತಾಗ ಅದು ತನ್ನ ಭಾರಕ್ಕೆ ಜೋತುಬೀಳದಂತೆ ತಡೆಯುವವು ಇಳಿತಂತಿಗಳು. ಇವುಗಳ ಬಿಗಿ ನೋಡುವುದಕ್ಕೆಂದೇ ಪ್ರತಿ ಸ್ಕ್ವಾಡ್ರನ್ನಿನಲ್ಲೂ ರಿಗ್ಗರ್ ಎಂಬ ಕೆಲಸಗಾರರಿದ್ದರು. ಹಾರುವವನ ಜೀವ ಅವರ ಬೆರಳುಗಳಲ್ಲಿ ಇರುತ್ತಿತ್ತು.

ಈಗ ಮಾಡೆಲ್‌ಗೆ ಬನ್ನಿ. ಆರು ಮಿಲಿಮೀಟರಿನ ತಂತಿ 1/72ರಲ್ಲಿ 0.083 ಮಿ.ಮೀ. ಆಗುತ್ತದೆ, ಅಂದರೆ ಒಂದು ತಲೆಗೂದಲಿನಷ್ಟು. ಹಾಗಾದರೆ ಕೂದಲನ್ನೇ ಕಟ್ಟಬಹುದಲ್ಲ? ಆಗದು. ತೇವಕ್ಕೆ ಕೂದಲು ಹಿಗ್ಗುತ್ತದೆ. ಈ ಗುಣವನ್ನೇ ಹಿಡಿದು ಹದಿನೆಂಟನೇ ಶತಮಾನದಲ್ಲಿ ಸೊಸ್ಯೂರ್ ಗಾಳಿಯ ತೇವ ಅಳೆಯುವ ಉಪಕರಣ ಮಾಡಿದ್ದ. ಮಳೆಗಾಲ ಬಂದರೆ ನನ್ನ ವಿಮಾನದ ತಂತಿಗಳೆಲ್ಲ ಜೋಲುತ್ತವೆ. ಬಿಡಿಭಾಗಗಳ ಸುತ್ತ ಬರುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಹಿಡಿದು ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಅಂಟಿಸಿದ ಮೇಲೆ ಊದುಬತ್ತಿಯ ಕೆಂಡವನ್ನು ಹತ್ತಿರ ತಂದರೆ ಸಾಕು, ಬಿಗಿಯುತ್ತದೆ. ಒಂದಿಷ್ಟು ಹೆಚ್ಚು ಹತ್ತಿರ ತಂದರೆ ತುಂಡಾಗುತ್ತದೆ.

ಇವೆರಡನ್ನು ಬಿಟ್ಟರೆ ನನಗೆ ಉಳಿದದ್ದು ಮೂರು ದಾರಿ. ಉಕ್ಕಿನ ಸಣ್ಣ ತಂತಿಯನ್ನು ಅಳತೆಗೆ ಕತ್ತರಿಸಿ ಅಂಟಿಸಬಹುದು. ವಸ್ತು ಅಸಲಿನದೇ, ಆದರೆ ಅದು ಏನನ್ನೂ ಎಳೆಯುವುದಿಲ್ಲ, ಸುಮ್ಮನೆ ನಿಂತಿರುತ್ತದೆ. ಗಾಳದ ನೈಲಾನ್ ದಾರವನ್ನು ರೆಕ್ಕೆಗೆ ರಂಧ್ರ ಕೊರೆದು ಬಿಗಿಯಬಹುದು. ಅದು ಅಸಲಿನ ಹಾಗೆ ನಿಜವಾಗಿ ಎಳೆಯುತ್ತದೆ, ಹೆಚ್ಚು ಎಳೆದರೆ ರೆಕ್ಕೆಯನ್ನೇ ಬಗ್ಗಿಸುತ್ತದೆ. ಆದರೆ ನೈಲಾನ್ ಗುಂಡಗೆ, ಎಸ್.ಇ.5ಎ ತಂತಿಗಳು ಗುಂಡಗಿರಲಿಲ್ಲ. ಗಾಳಿಯನ್ನು ಸೀಳಲೆಂದು ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿ ರೂಪಿಸಿದ ಆ ತಂತಿಗಳು ಚಪ್ಪಟೆಯಾಗಿ, ಅಡ್ಡಕ್ಕೆ ಕತ್ತರಿಸಿದರೆ ಮಸೂರದ ಆಕಾರದಲ್ಲಿದ್ದವು. ಮೂರನೆಯದು ಲೈಕ್ರಾದ ಚಪ್ಪಟೆ ಎಲಾಸ್ಟಿಕ್ ಎಳೆ. ಕಣ್ಣಿಗೆ ಅದೇ ಎಲ್ಲಕ್ಕಿಂತ ಅಸಲಿ. ಕೆಲಸದಲ್ಲಿ ಅದೇ ಎಲ್ಲಕ್ಕಿಂತ ನಕಲಿ. ಎಷ್ಟು ಎಳೆದರೂ ಬರುತ್ತದೆ.

ವಸ್ತು, ಕೆಲಸ, ರೂಪ. ಒಂದಕ್ಕೆ ನಿಷ್ಠನಾದರೆ ಇನ್ನೆರಡಕ್ಕೆ ದ್ರೋಹ. ಕೊನೆಗೆ ಎಲಾಸ್ಟಿಕ್ ಕಟ್ಟಿದೆ. ಪಕ್ಕದ ಕೋಣೆಯ ಗೆಳೆಯ ಬಂದು ಒಂದು ತಂತಿಯನ್ನು ಬೆರಳಿನಿಂದ ಮೀಟಿದ. ಅದು ಬಾಗಿ ಮತ್ತೆ ನೆಟ್ಟಗಾಯಿತು. “ಗಟ್ಟಿಯಾಗಿದೆಯಲ್ಲೋ!” ಅಂದ. ನಾನು ನಕ್ಕೆ. ಆ ರಾತ್ರಿ ಅಧ್ಯಾಯ ತಿದ್ದಲು ಕೂತಾಗ ನಗು ಉಳಿಯಲಿಲ್ಲ.

ನನ್ನ ಅಧ್ಯಾಯದಲ್ಲಿ ಹತ್ತೊಂಬತ್ತನೇ ಶತಮಾನದ ಒಂದು ಕಂದಾಯ ಕಡತದ ಅಡಿಟಿಪ್ಪಣಿಯಿದೆ. ಕಡತದ ಸಂಖ್ಯೆ, ಪುಟ, ಎಲ್ಲವೂ ಇವೆ. ಆ ಕಡತವನ್ನು ನಾನು ನೋಡಿಯೇ ಇಲ್ಲ. ಬೇರೆಯವರ ಪುಸ್ತಕದ ಅಡಿಟಿಪ್ಪಣಿಯಿಂದ ಎತ್ತಿ, ನಾನೇ ಧೂಳು ಕೊಡವಿ ಓದಿದವನ ಹಾಗೆ ಬರೆದಿದ್ದೆ. ಸಂಶೋಧನೆ ಮಾಡುವವರಿಗೆ ಇದು ಹೊಸ ಸುದ್ದಿಯೇನಲ್ಲ. ನಾನೂ ಸಮಾಧಾನ ಹೇಳಿಕೊಂಡಿದ್ದೆ: ಆ ಲೇಖಕರು ಪ್ರಾಮಾಣಿಕರು, ಉಲ್ಲೇಖ ಸರಿಯೇ ಇರುತ್ತದೆ, ಸರಿಯಿದ್ದ ಮೇಲೆ ಯಾರಿಗೆ ನಷ್ಟ?

ನಷ್ಟ ಯಾರಿಗೆಂದು ತೋರಿಸಿದ್ದು ಹಾರುತಂತಿಗಳು. ಎಸ್.ಇ.5ಎಯಲ್ಲಿ ಅವು ಜೋಡಿಯಾಗಿರುತ್ತವೆ. ಗುಂಡು ತಗಲಿ ಒಂದು ಹರಿದರೂ ಇನ್ನೊಂದು ಹಿಡಿಯಲಿ ಎಂದು. ಮುಂದೊಂದು ದಿನ ನನ್ನ ಪ್ರಬಂಧವನ್ನೂ ಆ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದುವವರು, ಇಬ್ಬರು ಬೇರೆ ಬೇರೆಯಾಗಿ ಕಡತ ನೋಡಿ ಒಂದೇ ಮಾತು ಹೇಳಿದ್ದಾರೆ ಎಂದು ನಂಬುತ್ತಾರೆ. ನೋಡಿದವರು ಒಬ್ಬರೇ. ಅವರ ಓದು ತಪ್ಪಿದ್ದರೆ ಹಿಡಿದುಕೊಳ್ಳಲು ಎರಡನೆಯ ತಂತಿಯಿಲ್ಲ. ಉಲ್ಲೇಖ ಸರಿಯಿದ್ದರೂ ನಾನು ಮಾಡಿದ ತಪ್ಪು ಅಷ್ಟೇ ಇರುತ್ತದೆ, ಏಕೆಂದರೆ ನಾನು ಸುಳ್ಳು ಹೇಳಿದ್ದು ಕಡತದ ಬಗ್ಗೆ ಅಲ್ಲ, ಆ ತಂತಿಗಳ ಲೆಕ್ಕದ ಬಗ್ಗೆ.

ಹಾಗಾದರೆ ನನ್ನ ಎಲಾಸ್ಟಿಕ್ ಕೂಡ ಸುಳ್ಳೇ? ಮೊದಲು ಹಾಗನ್ನಿಸಿತ್ತು, ಈಗ ಅನ್ನಿಸುವುದಿಲ್ಲ. ಆ ವಿಮಾನದಲ್ಲಿ ಯಾರೂ ಕೂರುವುದಿಲ್ಲ. ಅದನ್ನು ಎತ್ತಿ ನೋಡುವವರು ಕೇಳುವುದು ಬೇರೆ: ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಎಷ್ಟಿದ್ದವು, ಹೇಗೆ ಕಾಣುತ್ತಿದ್ದವು? ಅದಕ್ಕೆ ನನ್ನ ಎಲಾಸ್ಟಿಕ್ ಸರಿಯಾದ ಉತ್ತರ ಕೊಡುತ್ತದೆ. ಇಷ್ಟು ಸಣ್ಣದರಲ್ಲಿ ಜೋಡಿ ಯಾರಿಗೆ ಕಾಣುತ್ತದೆ ಎಂದು ಒಂದೊಂದೇ ಎಳೆ ಕಟ್ಟಿ ಮುಗಿಸುವ ಆಸೆ ನನಗಿತ್ತು. ಹಾಗೆ ಮಾಡಿ, ಇದೇ ಇಂದ್ರಲಾಲನ ವಿಮಾನದ ರಚನೆ ಎಂದು ತೋರಿಸಿದ್ದರೆ ಅದು ಸುಳ್ಳಾಗುತ್ತಿತ್ತು. ಯಾವ ವಸ್ತು ಬಳಸಿದೆ ಎನ್ನುವುದಕ್ಕಿಂತ, ನೋಡುವವರು ನಂಬಿಕೆಯಿಂದ ಅದರ ಮೇಲೆ ಯಾವ ಭಾರ ಹಾಕುತ್ತಾರೆ ಎನ್ನುವುದರಿಂದ ಇದು ತೀರ್ಮಾನವಾಗಬೇಕು. ಅಡಿಟಿಪ್ಪಣಿಯ ಮೇಲೆ ಅವರು ಪೂರ್ತಿ ಭಾರ ಹಾಕುತ್ತಾರೆ. ಕಡತ ಹುಡುಕಿ ನೋಡುವ ಕೆಲಸ ತಮಗೆ ತಪ್ಪಲಿ ಎಂದೇ ಅದು ಇರುವುದು.

ಮರುದಿನ ಅಡಿಟಿಪ್ಪಣಿ ತಿದ್ದಿ, ಮೂಲವನ್ನು ನಾನು ನೋಡಿಲ್ಲ, ಇಂಥ ಪುಸ್ತಕದಿಂದ ತೆಗೆದುಕೊಂಡಿದ್ದೇನೆ ಎಂದು ಸೇರಿಸಿದೆ. ಮಾರ್ಗದರ್ಶಕರು ಓದಿ ಕನ್ನಡಕ ತೆಗೆದಿಟ್ಟರು. “ಅಧ್ಯಾಯ ನಿಂತಿರೋದೇ ಇದರ ಮೇಲೆ ಅಲ್ವೇನಪ್ಪ?” ಎಂದರು. ಹೌದು ಎಂದೆ. ಸಲ್ಲಿಕೆ ಮುಂದಕ್ಕೆ ಹೋಯಿತು. ಫೆಲೋಶಿಪ್ ಮುಗಿಯಲು ಏಳು ತಿಂಗಳಿದೆ, ಕಡತ ಕೈಗೆ ಸಿಗಲು ಎಷ್ಟು ದಿನ ಬೇಕೋ ಗೊತ್ತಿಲ್ಲ. ಸಿಕ್ಕಾಗ ಅದರಲ್ಲಿ ನನಗೆ ಬೇಕಾದ ಮಾತೇ ಇರುತ್ತದೆ ಎಂಬ ಖಾತರಿಯೂ ಇಲ್ಲ.

ವಿಮಾನ ಮಾತ್ರ ಮುಗಿದಿದೆ. ಹಾರುತಂತಿಗಳು ಜೋಡಿಯಾಗಿಯೇ ಇವೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ.