ಆಕಾಶದಿಂದಿಳಿದ ಶಿಲೆ

1923ರ ನವೆಂಬರ್ 9ರ ರಾತ್ರಿ ಅಮೆರಿಕದ ಕಾನ್ಸಾಸಿನ ಬಾನಿನಲ್ಲಿ ಉರಿದಿಳಿದ ಉಲ್ಕೆಯನ್ನು ಕಂಡ ಜೀವಶಾಸ್ತ್ರದ ಅಧ್ಯಾಪಕ ಹಾರ್ವಿ ನಿನಿಂಜರ್, ಮುಂದೆ ಉದ್ಯೋಗವನ್ನೇ ತ್ಯಜಿಸಿ, ಊರೂರು ಅಲೆದು, ತೆಳ್ಳನೆಯ ಕರಕಲು ಹೊದಿಕೆ, ಗಾತ್ರಕ್ಕೆ ಮೀರಿದ ಭಾರ, ಸೂಜಿಗಲ್ಲಿನ ಸೆಳೆತವೆಂಬ ಉಲ್ಕಾಶಿಲೆಯ ಲಕ್ಷಣಗಳನ್ನು ರೈತರಿಗೆ ಬೋಧಿಸಿ, ಅವರ ಹೊಲದ ಕಲ್ಲುಗಳನ್ನು ಅವರಿಂದಲೇ ಕ್ರಯಕ್ಕೆ ಕೊಂಡರು. ನಮ್ಮ ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಜಂಬಿಟ್ಟಿಗೆಯ ನೆಲದಲ್ಲಾದರೋ ಈ ಕಸುಬು ದುಸ್ಸಾಧ್ಯ. ಮಳೆಗಾಲವೇ ಶಿಲೆಯ ಕಬ್ಬಿಣವನ್ನು ತುಕ್ಕಾಗಿಸಿ ಕೆಮ್ಮಣ್ಣಿನೊಡನೆ ಬೆರೆಸಿಬಿಡುತ್ತದೆ.

ಬಿಹಾರದ ಅಂಧಾರಾದಲ್ಲಿ 1880ರಲ್ಲಿ ಬಿದ್ದ ಶಿಲೆ ದೇವರಾಗಿ ಪೂಜೆಗೊಂಡಿತು. ಅದನ್ನು ಮೌಢ್ಯವೆಂದು ನಗಲು ನನಗೆ ಮನಸ್ಸಿಲ್ಲ. ಸುಮಾರು 456 ಕೋಟಿ ವರ್ಷ ಪ್ರಾಚೀನವಾದ ವಸ್ತುವಿನೆದುರು ವಿಜ್ಞಾನಿಗೂ ಭಕ್ತನಿಗೂ ಆಗುವ ವಿಸ್ಮಯ ಬೇರೆಯಲ್ಲ. ಆದರೆ ಎಣ್ಣೆಯ ಅಭಿಷೇಕ ಅದರ ಸಾಕ್ಷ್ಯವನ್ನು ಕೆಡಿಸೀತು. ಅಂಥ ಕಲ್ಲು ದೊರೆತವರು ನೀರು ಸೋಕಿಸದೆ, ಬಿದ್ದ ಸ್ಥಳವನ್ನು ಬರೆದಿಟ್ಟು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಕ್ಕೆ ಒಪ್ಪಿಸಲಿ. ಕೈಮುಗಿಯುವುದಕ್ಕೆ ಅಡ್ಡಿಯೇನೂ ಇಲ್ಲ.