ಮರಳಿ ಕೊಳ್ಳುವ ವಿವೇಕ

ಶುದ್ಧಿಯೆಂದರೆ ಕೆಟ್ಟುದನ್ನು ಹುಡುಕಿ ಹೊರಹಾಕುವುದು ಎಂಬ ಭಾವನೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಮನೆಯನ್ನು ಗುಡಿಸುವಾಗಲೂ ಮನಸ್ಸನ್ನು ತಿದ್ದಿಕೊಳ್ಳುವಾಗಲೂ ಸಮಾಜವನ್ನು ಸುಧಾರಿಸಹೊರಟಾಗಲೂ ನಾವು ಮೊದಲು ಕೈಗೆತ್ತಿಕೊಳ್ಳುವುದು ತ್ಯಾಜ್ಯವಾದುದರ ಪಟ್ಟಿಯನ್ನೇ. ಮೂತ್ರಪಿಂಡಗಳನ್ನೂ ನಾವು ಇದೇ ದೃಷ್ಟಿಯಿಂದ, ರಕ್ತದ ಕಲ್ಮಷವನ್ನು ಆರಿಸಿ ಎಸೆಯುವ ಅಂಗಗಳೆಂದು ತಿಳಿದುಕೊಂಡಿದ್ದೇವೆ. ಆದರೆ ಅವುಗಳ ಕಾರ್ಯವಿಧಾನವನ್ನು ಸಾವಧಾನವಾಗಿ ಪರಿಶೀಲಿಸಿದವರಿಗೆ, ಶುದ್ಧಿಯ ತಿರುಳಿರುವುದು ಬಿಡುವುದರಲ್ಲಿ ಅಲ್ಲ, ಬಿಟ್ಟುದರೊಳಗಿಂದ ತನ್ನದನ್ನು ಮರಳಿ ಕೊಳ್ಳುವುದರಲ್ಲಿ ಎಂಬುದು ಮನವರಿಕೆಯಾಗದೆ ಇರದು.

ಬೆನ್ನುಮೂಳೆಯ ಇಕ್ಕೆಲಗಳಲ್ಲಿ ಹುದುಗಿ, ತಲಾ ಸುಮಾರು 150 ಗ್ರಾಂ ತೂಗುವ ಈ ಪಿಂಡಗಳಿಗೆ ಹೃದಯವು ತಾನು ಹೊರಡಿಸುವ ರಕ್ತದ ಐದನೆಯ ಒಂದು ಪಾಲನ್ನು ಸಲ್ಲಿಸುತ್ತದೆ. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳು. ಪ್ರತಿ ನೆಫ್ರಾನಿನ ಮೊದಲಲ್ಲಿ ಅತಿಸೂಕ್ಷ್ಮ ರಕ್ತನಾಳಗಳ ಒಂದು ಗೊಂಚಲು. ರಕ್ತಕಣಗಳನ್ನೂ ದೊಡ್ಡ ಪ್ರೋಟೀನುಗಳನ್ನೂ ತಡೆಹಿಡಿಯುವ ಈ ಗೊಂಚಲು, ನೀರು, ಉಪ್ಪು, ಸಕ್ಕರೆ, ಯೂರಿಯಾ ಮೊದಲಾದುವುಗಳಲ್ಲಿ ಯಾವುದು ಹಿತ ಯಾವುದು ಅಹಿತವೆಂದು ವಿಚಾರಿಸದೆ ಎಲ್ಲವನ್ನೂ ಸೋಸಿ ಕೆಳಕ್ಕೆ ಬಿಡುತ್ತದೆ. ಹೀಗೆ ಇಳಿಯುವ ದ್ರವ ದಿನವೊಂದಕ್ಕೆ ಸುಮಾರು 180 ಲೀಟರ್; ಮೂತ್ರವಾಗಿ ಮೂತ್ರಕೋಶವನ್ನು ಸೇರುವುದು ಒಂದೂವರೆ ಲೀಟರಿನಷ್ಟು ಮಾತ್ರ. ಮಿಕ್ಕುದನ್ನು, ನೂರರಲ್ಲಿ ತೊಂಬತ್ತೊಂಬತ್ತು ಪಾಲನ್ನು, ಮುಂದಿನ ಸುರುಳಿನಾಳಗಳು ರಕ್ತಕ್ಕೆ ಹಿಂದಿರುಗಿಸುತ್ತವೆ: ಆರೋಗ್ಯವಂತನಲ್ಲಿ ಸಕ್ಕರೆಯನ್ನು ಬಹುಮಟ್ಟಿಗೆ ಪೂರ್ತಿಯಾಗಿ, ಯೂರಿಯಾವನ್ನು ಅರೆಬರೆಯಾಗಿ, ನೀರನ್ನು ವಾಸೋಪ್ರೆಸಿನ್ ಎಂಬ ಹಾರ್ಮೋನು ವಿಧಿಸಿದಷ್ಟು.

ವಿಷಗಳು ಅಸಂಖ್ಯ, ನಾಳೆ ಹೊಸದೊಂದು ಹುಟ್ಟೀತು. ಅವೊಂದೊಂದನ್ನೂ ಗುರುತಿಸಿ ದೂಡಬೇಕಾಗಿದ್ದ ಅಂಗವು ಅಪರಿಚಿತವಾದ ಮೊದಲ ವಿಷದ ಮುಂದೆಯೇ ಸೋತುಹೋಗುತ್ತಿತ್ತು. ತನಗೆ ಬೇಕಾದುದೇನೆಂಬುದನ್ನು ಚೆನ್ನಾಗಿ ಬಲ್ಲ ಅಂಗಕ್ಕಾದರೋ ಬೇಡವಾದುದರ ಪರಿಜ್ಞಾನ ಅಷ್ಟಾಗಿ ಅವಶ್ಯವಿಲ್ಲ. ಅದು ಕೈನೀಡಿ ಕರೆದುಕೊಳ್ಳದುದೆಲ್ಲ ತಾನಾಗಿಯೇ ಹರಿದುಹೋಗುತ್ತದೆ. ಇದಕ್ಕೆ ಅಪವಾದಗಳಿಲ್ಲವೆಂದಲ್ಲ. ಪೆನಿಸಿಲಿನ್ನಿನಂಥ ಕೆಲವು ವಸ್ತುಗಳನ್ನು ಸುರುಳಿನಾಳದ ಜೀವಕೋಶಗಳು ರಕ್ತದಿಂದ ಆರಿಸಿಯೇ ಹೊರಕ್ಕೆ ನೂಕುತ್ತವೆ. ಆ ಔಷಧ ದುರ್ಲಭವಾಗಿದ್ದ 1940ರ ದಶಕದ ಆದಿಯಲ್ಲಿ ವೈದ್ಯರು ಅದನ್ನು ರೋಗಿಗಳ ಮೂತ್ರದಿಂದಲೇ ಮತ್ತೆ ಸಂಗ್ರಹಿಸಬೇಕಾಗಿ ಬಂದಿತ್ತು. ಆದರೂ ಮುಖ್ಯ ಕಾರ್ಯ ಪುನರ್ಗ್ರಹಣವೇ ಎಂಬ ಮಾತು ಇದರಿಂದ ಕದಲುವುದಿಲ್ಲ.

ಈ ಮಾತಿನ ಸತ್ಯವನ್ನು ನಾನು ಕಂಡುಕೊಂಡದ್ದು ಪುಸ್ತಕದಲ್ಲಿ ಅಲ್ಲ, ಆರ್.ಟಿ. ನಗರದ ನಮ್ಮ ನೆರೆಯ ಹಿರಿಯರೊಬ್ಬರ ಮುಂಗೈಯಲ್ಲಿ. ಡಯಾಲಿಸಿಸ್‌ಗೆಂದು ಅಪಧಮನಿಯನ್ನೂ ಅಭಿಧಮನಿಯನ್ನೂ ಕೂಡಿಸಿ ಮಾಡಿದ ಫಿಸ್ಟುಲಾದ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ನುಗ್ಗುವ ಝುಮ್ಮೆಂಬ ಕಂಪನ ತಿಳಿಯುತ್ತಿತ್ತು. ವಾರಕ್ಕೆ ಮೂರು ಬಾರಿ, ನಾಲ್ಕು ನಾಲ್ಕು ತಾಸು ಅವರು ಯಂತ್ರದ ಪಕ್ಕದಲ್ಲಿ ಮಲಗಬೇಕು. ಮನೆಯಲ್ಲಿ ನೀರನ್ನು ಲೋಟದಲ್ಲಿ ಅಳೆದು ಕುಡಿಯಬೇಕು. "ಯಂತ್ರ ತೆಗೆಯುತ್ತದಪ್ಪಾ, ಕೊಡೋದಿಲ್ಲ," ಎಂದು ಅವರೊಮ್ಮೆ ಹೇಳಿದರು. ಅದು ಬಹುಮಟ್ಟಿಗೆ ನಿಜ. ವಿಲೆಮ್ ಕೋಲ್ಫ್ 1943ರಲ್ಲಿ ಯುದ್ಧಗ್ರಸ್ತ ಹಾಲೆಂಡಿನಲ್ಲಿ ಸೆಲೊಫೇನ್ ನಳಿಗೆಯಿಂದ ರಚಿಸಿದ ಪ್ರಥಮ ಯಂತ್ರದಿಂದ ಇಂದಿನವರೆಗೂ, ಕೃತಕ ಮೂತ್ರಪಿಂಡಕ್ಕೆ ಸೋಸುವ ಪೊರೆ ಉಂಟು, ಮರಳಿಸುವ ಸುರುಳಿನಾಳವಿಲ್ಲ. ಆದುದರಿಂದಲೇ ರಕ್ತದ ಉಪ್ಪು ಸೋರಿಹೋಗದಂತೆ ಪೊರೆಯ ಆಚೆಯ ದ್ರವದಲ್ಲಿ ಮೊದಲೇ ಉಪ್ಪನ್ನು ಬೆರೆಸಿಡಬೇಕು. ನಿಮಿಷಕ್ಕೆ 500 ಮಿಲಿಲೀಟರಿನಂತೆ ಆ ದ್ರವ ಒಂದು ಸರದಿಗೆ 120 ಲೀಟರ್ ಹರಿದುಹೋಗುತ್ತದೆ. ಎರಡು ಹಿಡಿಗಾತ್ರದ ಪಿಂಡಗಳು ನಮ್ಮ ನಿದ್ರೆಯಲ್ಲಿಯೂ ಮಾಡುವ ಕೆಲಸದ ಅರ್ಧಾಂಶಕ್ಕೆ ಇಷ್ಟು ಸಂಭಾರ!

ವ್ಯಕ್ತಿಗೆ ಸಲ್ಲುವ ಈ ನ್ಯಾಯ ಊರಿಗೂ ಸಲ್ಲುತ್ತದೆ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ತಂದ ಕಾವೇರಿಯನ್ನು ಬೆಂಗಳೂರು ಒಮ್ಮೆ ಬಳಸಿ ಚೆಲ್ಲುತ್ತದೆ. ನಮ್ಮ ಬಡಾವಣೆಗೆ ಸಮೀಪದ ಹೆಬ್ಬಾಳ–ನಾಗವಾರ ಕಣಿವೆಗಳ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ, ಮಳೆ ಕಾಣದ ಚಿಕ್ಕಬಳ್ಳಾಪುರ ಸೀಮೆಯ ಕೆರೆಗಳಿಗೆ ಹರಿಸುವ ಯೋಜನೆ ಬಂದಿರುವುದು, ಚೆಲ್ಲಿದುದನ್ನು ಮರಳಿ ಕೊಳ್ಳಬೇಕೆಂಬ ಅರಿವು ಈ ಊರಿಗೆ ಮೂಡಿದುದರ ಚಿಹ್ನೆಯೆಂದು ನಾನು ಸಂತೋಷಪಟ್ಟಿದ್ದೇನೆ. ಆದರೆ ಮರಳಿ ಕೊಳ್ಳುವುದು ಸಾಲದು, ಆರಿಸಿ ಕೊಳ್ಳಬೇಕು. ಸುರುಳಿನಾಳವು ಸೋಸಿ ಇಳಿದ ದ್ರವವನ್ನು ಇದ್ದಂತೆಯೇ ರಕ್ತಕ್ಕೆ ತಿರುಗಿಸಿದ್ದರೆ ಮನುಷ್ಯ ಕೆಲವೇ ದಿನಗಳಲ್ಲಿ ಅಳಿಯುತ್ತಿದ್ದ. ಆ ನೀರನ್ನು ಮೂರನೆಯ ಹಂತದಲ್ಲಿಯೂ ಶುದ್ಧಗೊಳಿಸಿಯೇ ಕೆರೆಗೆ ಬಿಡಬೇಕೆಂದು ಅಲ್ಲಿಯ ರೈತರು ಮಾಡುತ್ತಿರುವ ಒತ್ತಾಯ ನ್ಯಾಯವಾದುದು; ನೀರನ್ನು ಬಳಸಿ ಕಳುಹಿಸಿದ ಬೆಂಗಳೂರಿನವರಾದ ನಾವೇ ಅವರಿಗಿಂತ ಮೊದಲು ಅದನ್ನು ಕೇಳಬೇಕಾಗಿತ್ತು, ಈಗಲಾದರೂ ಅವರೊಡನೆ ಕೇಳಬೇಕು.